ಕೋವಿಯ ಬಾಯಿಗೆ ಸುರುಳಿಗೆರೆಯ ಕೊಳವೆ

ಮಲೆನಾಡಿನ ಕೃಷಿಕರ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವೇನೂ ಅಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆಯೂ ಸಲ್ಲುತ್ತದೆ. ಹೀಗಿರುವಾಗ ಅಮೆರಿಕದ ಬೇಟೆಗಾರರು ಬಳಸುವ ಸುರುಳಿಗೆರೆಯ ಚೋಕ್ ಕೊಳವೆ ನಮ್ಮ ತರುಣರ ಕುತೂಹಲವನ್ನು ಕೆರಳಿಸಿದರೆ ಆಶ್ಚರ್ಯವಿಲ್ಲ. ಅದೇನೆಂಬುದನ್ನು ಮೊದಲು ತಿಳಿಯೋಣ.

ತೋಟಾ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ಬಾಯಿಯ ಬಳಿ ಅದು ತುಸು ಕಿರಿದಾಗುವುದೇ ಚೋಕ್. ಹನ್ನೆರಡು ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.; ಫುಲ್ ಚೋಕಿನಲ್ಲಿ ಅದು ಕಿರಿದಾಗುವುದು ಸುಮಾರು 1 ಮಿ.ಮೀ. ಮಾತ್ರ. ಅಷ್ಟರಿಂದಲೇ ಚರೆಗಳು ಬೇಗ ಚದುರದೆ ಸಾಗುತ್ತವೆ. ಸುರುಳಿಗೆರೆಯ ಕೊಳವೆಯ ಕೆಲಸ ಬೇರೆ. ಬಾಯಿಗೆ ತಿರುಗಿಸಿ ಕೂರಿಸುವ ಈ ಗಿಡ್ಡ ಕೊಳವೆಯೊಳಗೆ ರೈಫಲಿನಲ್ಲಿರುವಂತಹ ಓರೆಗೆರೆಗಳಿದ್ದು, ಹಾದುಹೋಗುವ ಒಂಟಿಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಪ್ಲಾಸ್ಟಿಕ್ ಕವಚದೊಳಗಿನ ಸಾಬೊ ಗುಂಡಿಗೆ ಈ ತಿರುಗುವಿಕೆ ಅವಶ್ಯಕ. ಫೋಸ್ಟರ್ ಮಾದರಿಯ ಸೀಸದ ಗುಂಡು ಮಾತ್ರ ಶಟಲ್ ಕಾಕಿನಂತೆ ಮುಂಭಾರದಿಂದಲೇ ನೇರವಾಗಿ ಹೋಗುವಂಥದು. ಅದನ್ನು ನುಣುಪು ನಳಿಗೆಗೆಂದೇ ರೂಪಿಸಲಾಗಿದೆ. ಇನ್ನು ಚರೆಯ ತೋಟಾವನ್ನು ಈ ಕೊಳವೆಯಲ್ಲಿ ಹಾರಿಸಿದರೆ ಚರೆಗಳು ತಿರುಗುತ್ತ ಹೊರಕ್ಕೆ ಸಿಡಿದು, ನಡುವೆ ಬರಿದಾದ ಬಳೆಯಂತೆ ಹರಡುತ್ತವೆ. ಗುರಿಯಿಟ್ಟದ್ದಕ್ಕೆ ತಗುಲದೆ ಪಕ್ಕದವರಿಗೆ ತಗುಲುವ ಸಂಭವವೇ ಹೆಚ್ಚು.

ಇಂತಹ ಸಾಧನಕ್ಕೆ ಅಲ್ಲಿ ಕಾರಣವಿತ್ತು. ಒಹಾಯೊ, ಇಲಿನಾಯ್‌ಗಳಂತಹ ಸಮತಟ್ಟಾದ, ಜನವಸತಿಯ ಕೃಷಿನಾಡುಗಳಲ್ಲಿ ರೈಫಲಿನ ಗುಂಡು ಬಹುದೂರ ಸಾಗುವುದೆಂದು ಜಿಂಕೆ ಬೇಟೆಗೆ ದಶಕಗಳ ಕಾಲ ತೋಟಾ ಕೋವಿಯನ್ನೇ ವಿಧಿಸಿದ್ದರು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಡಿ ಬೇಟೆಯೇ ನಿಷಿದ್ಧ. 1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಬೆಳೆರಕ್ಷಣೆಯ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಮ್ಮನ್ನು ಹೆಚ್ಚು ಕಾಡುವುದು ಕೊಳವೆಗಿಂತ ಅದರೊಳಗೆ ಹಾಯುವ ಲೋಹ. ಸೀಸದ ಚರೆ ನೆಲಕ್ಕೆ ಬಿದ್ದ ಮೇಲೆ ಇಲ್ಲವಾಗುವುದಿಲ್ಲ. ನಮ್ಮದು ಮಳೆ ತೊಳೆದ ಹುಳಿಮಣ್ಣು. ಹುಳಿ ಹೆಚ್ಚಿದಷ್ಟೂ ಸೀಸ ಸುಲಭವಾಗಿ ಕರಗಿ ಮಣ್ಣಿನ ನೀರಿಗೆ ಸೇರುತ್ತದೆ. ಗದ್ದೆಯಲ್ಲಿ ಮೇಯುವ ಹಕ್ಕಿಗಳು ಚರೆಯನ್ನು ಕಲ್ಲಿನ ಹರಳೆಂದು ನುಂಗುತ್ತವೆ. ಸತ್ತ ಪ್ರಾಣಿಯನ್ನು ತಿನ್ನುವ ಹದ್ದು, ಕಾಗೆ, ನಾಯಿಗಳ ಹೊಟ್ಟೆಗೂ ಅದು ಸೇರುತ್ತದೆ. 1982ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದುಗಳು ಕೇವಲ 22 ಉಳಿದಿದ್ದವು; ಅವುಗಳ ಚೇತರಿಕೆಗೆ ಇಂದಿಗೂ ದೊಡ್ಡ ಅಡ್ಡಿ ಗುಂಡಿನ ಸೀಸವೇ. ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಲ್ಲಿ ದೇಶಾದ್ಯಂತ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಈ ನಿಷೇಧವನ್ನು ವಿಸ್ತರಿಸಿದೆ. ಐರೋಪ್ಯ ಒಕ್ಕೂಟದ ಜೌಗುನೆಲಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಚರೆಗೆ ಅವಕಾಶವಿಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ಉಕ್ಕಿನ ಚರೆ ಬಳಸೋಣವೆಂದು ಅವಸರಿಸುವುದೂ ತರವಲ್ಲ. ಉಕ್ಕು ಸೀಸದಂತೆ ಮಣಿಯದು. ಅಜ್ಜನ ಕಾಲದ ಫುಲ್ ಚೋಕ್ ನಳಿಗೆಯಲ್ಲಿ ಹಾರಿಸಿದರೆ ಬಾಯಿ ಉಬ್ಬೀತು, ಬಿರುಕೂ ಬಿಟ್ಟೀತು. ಬಿಸ್ಮತ್ ಮೃದುವಾದರೂ ದುಬಾರಿ.

ಗದ್ದೆಗೆ ನುಗ್ಗಿದ ಹಂದಿಯನ್ನು ಬೆದರಿಸುವುದಷ್ಟೇ ಉದ್ದೇಶವಾದರೆ ಕೇಪಿನ ಕೋವಿಗೆ ಚರೆ ಹಾಕದೆ ಬರಿಯ ಮದ್ದಿನ ಈಡು ಸಾಕು. ಒಂದೇ ಹೊತ್ತಿಗೆ, ಒಂದೇ ಮೂಲೆಯಿಂದ ದಿನವೂ ಹಾರಿಸಿದರೆ ಹಂದಿಗಳು ಬೇಗ ಪಳಗುತ್ತವೆ. ಆದುದರಿಂದ ನೆರೆಯ ಗದ್ದೆಗಳವರು ಸರದಿ ಮಾಡಿಕೊಂಡು, ಹೊತ್ತು ಮತ್ತು ಜಾಗ ಬದಲಿಸುತ್ತ ಕಾವಲಿರುವುದು ಒಳಿತು. ಭತ್ತ ಹಾಲುದುಂಬುವ ಮೊದಲೇ ಈ ಸರದಿ ಗೊತ್ತಾಗಿರಲಿ.