ತಾಯಿಯ ಪರವಾಗಿ ಒಂದು ಮಾತು

ಹೋದ ತಿಂಗಳು ನಾವು ಐದಾರು ಮಂದಿ ಗೆಳತಿಯರು ಹಾಸ್ಟೆಲಿನ ಕೋಣೆಯಲ್ಲಿ ಕೂಡಿ ಒಂದು ಅಮೆರಿಕನ್ ಚಿತ್ರವನ್ನು ನೋಡಿದೆವು. ಹೆಸರು ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’. ನಿಜವಾದ ಹೆಂಗಸರು ಮೈಕೈ ತುಂಬಿಕೊಂಡಿರುತ್ತಾರೆ ಎಂದು ಸ್ಥೂಲವಾಗಿ ಅರ್ಥ. (ಸ್ಥೂಲವಾಗಿ ಎಂಬ ಮಾತು ತಾನಾಗಿಯೇ ಬಂತು, ಕ್ಷಮೆಯಿರಲಿ.) ಚಿತ್ರ ಮುಗಿಯಿತೋ ಇಲ್ಲವೋ, ಎಲ್ಲರೂ ಒಕ್ಕೊರಲಿನಿಂದ ಕಥೆಯ ತಾಯಿಯನ್ನು ಬೈಯಲು ತೊಡಗಿದರು. “ಇಂಥವಳೂ ತಾಯಿಯೇ?” ಎಂದಳು ಒಬ್ಬಳು. ನಾನು ಆ ಹೊತ್ತು ಸುಮ್ಮನಿದ್ದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ; ಬರೆಯುವಾಗ ನಡುವೆ ಬಾಯಿ ಹಾಕುವವರಿಲ್ಲವಷ್ಟೆ.

ನೋಡದವರಿಗಾಗಿ ಕಥೆಯನ್ನಿಷ್ಟು ಹೇಳಬೇಕು. ಪೂರ್ವ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಮೂಲದ ಒಂದು ಕುಟುಂಬ. ತಾಯಿ ಕಾರ್ಮೆನ್, ತಂದೆ, ಮುದುಕ ಅಜ್ಜ, ಹಿರಿಯ ಮಗಳು ಎಸ್ಟೆಲ, ಕಿರಿಯಳು ಅನಾ. ಅನಾ ಬಸ್ಸು ಹಿಡಿದು ದೂರದ ಬೆವರ್ಲಿ ಹಿಲ್ಸಿನ ಶಾಲೆಗೆ, ಸಿರಿವಂತರ ಮಕ್ಕಳ ನಡುವೆ, ಓದಲು ಹೋಗುವವಳು. ಶಾಲೆ ಮುಗಿಯಿತು. ಅವಳ ಉಪಾಧ್ಯಾಯರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿಸುತ್ತಾರೆ, ವಿದ್ಯಾರ್ಥಿವೇತನವೂ ದೊರೆಯುತ್ತದೆ. ತಾಯಿ ಬೇಡವೆನ್ನುತ್ತಾಳೆ. ಎಸ್ಟೆಲಳ ಪುಟ್ಟ ಹೊಲಿಗೆಯ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕಲು ಆಳು ಬೇಕಾಗಿದೆ. ಅದೂ ಸಾಲದೆಂಬಂತೆ ಮಗಳ ದಪ್ಪ ಮೈಯನ್ನು ಹೊತ್ತು ಗೊತ್ತಿಲ್ಲದೆ ಆಡಿಕೊಳ್ಳುತ್ತಾಳೆ. ಆ ಮಾತುಗಳನ್ನು ನಾನು ಸಮರ್ಥಿಸಲಾರೆ. ಕೇಳಿದಾಗ ನನಗೂ ಮೈ ಉರಿಯಿತು.

ಆದರೆ ಅವಳ ವಾದವೇನೆಂಬುದನ್ನು ನಮ್ಮಲ್ಲಿ ಯಾರೂ ಕಿವಿಗೊಟ್ಟು ಕೇಳಲಿಲ್ಲ. ತಾನು 13ನೆಯ ವಯಸ್ಸಿನಿಂದ ದುಡಿದಿದ್ದೇನೆ, ಮಗಳಿಗೆ 18 ತುಂಬಿತು, ಇನ್ನು ಅವಳ ಸರದಿ ಎನ್ನುತ್ತಾಳೆ ಕಾರ್ಮೆನ್. ಹೊಲಿಯುವುದು, ಮಕ್ಕಳನ್ನು ಸಾಕುವುದು, ಇವನ್ನು ತಾನೇ ಕಲಿಸಬಲ್ಲೆ, ಶಾಲೆಯವರು ಕಲಿಸಲಾರರು ಎನ್ನುತ್ತಾಳೆ. ಇದು ದುಷ್ಟತನದ ಮಾತಲ್ಲ, ಲೆಕ್ಕದ ಮಾತು. ಅವಳು ಕಂಡ ಲೋಕದಲ್ಲಿ ವಿದ್ಯೆಯಿಂದ ಯಾರ ಹೊಟ್ಟೆಯೂ ತುಂಬಿರಲಿಲ್ಲ, ಬೆರಳುಗಳಿಂದ ತುಂಬಿತ್ತು. ಅದೂ ಎಂಥ ದುಡಿಮೆ! ಆ ಕಾರ್ಖಾನೆಯ ಹೆಂಗಸರು ಹೊಲಿದ ಒಂದೊಂದು ಉಡುಪಿಗೆ ಅವರಿಗೆ ಸಿಕ್ಕುವುದು 18 ಡಾಲರು. ಅದೇ ಉಡುಪು ದೊಡ್ಡ ಅಂಗಡಿಯಲ್ಲಿ 600 ಡಾಲರಿಗೆ ಬಿಕರಿಯಾಗುತ್ತದೆ. ಕುದಿಯುವ ಸೆಕೆಯಲ್ಲಿ ಫ್ಯಾನು ಹಾಕುವಂತಿಲ್ಲ, ಹೊಸ ಬಟ್ಟೆಯ ಮೇಲೆ ಧೂಳು ಕೂರುತ್ತದೆ. ಕಡೆಗೊಂದು ದಿನ ಅನಾ ಮೇಲುಡುಪನ್ನು ಕಳಚಿ ಇಸ್ತ್ರಿಗೆ ನಿಲ್ಲುತ್ತಾಳೆ. ಉಳಿದವರೂ ಒಬ್ಬೊಬ್ಬರಾಗಿ ಕಳಚುತ್ತಾರೆ. ಹೆರಿಗೆಯ ಗೆರೆಗಳನ್ನು, ಜೋತ ಹೊಟ್ಟೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಾರೆ. ಅಶ್ಲೀಲದ ಸೋಂಕಿಲ್ಲದ ದೃಶ್ಯ ಅದು. ಕಾರ್ಮೆನ್ ಒಬ್ಬಳೇ ಮುಖ ತಿರುಗಿಸಿ ಹೊರಟುಹೋಗುತ್ತಾಳೆ.

ಏಕೆ ಹೋದಳು? ಇದಕ್ಕೆ ಉತ್ತರ ಇನ್ನೊಂದೆಡೆ ಇದೆಯೆಂದು ನನ್ನ ಎಣಿಕೆ. ಈ ವಯಸ್ಸಿನಲ್ಲಿ ತಾನು ಮತ್ತೆ ಬಸುರಿಯೆಂದು ಕಾರ್ಮೆನ್ ನಂಬಿರುತ್ತಾಳೆ. ವೈದ್ಯರ ಬಳಿಗೆ ಹೋದರೆ, ಅದು ಬಸಿರಲ್ಲ, ಮುಟ್ಟು ನಿಲ್ಲುವ ಕಾಲ ಎನ್ನುತ್ತಾರೆ. ನನ್ನ ಗೆಳತಿಯರು ಇಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಹೆರುವುದೂ ಹೊಲಿಯುವುದೂ ಬಿಟ್ಟರೆ ಬೇರೆ ಬೆಲೆಯನ್ನು ಲೋಕ ಅವಳಿಗೆ ಕಟ್ಟಿರಲಿಲ್ಲ. ಅವುಗಳಲ್ಲಿ ಒಂದು ಆ ದಿನ ಮುಗಿಯಿತು. ಕಿರಿಯ ಮಗಳೂ ಹೊರಟುನಿಂತಿದ್ದಾಳೆ.

ಕಾರ್ಮೆನ್ ಪಾತ್ರವನ್ನು ವಹಿಸಿದ ಲೂಪೆ ಒಂಟಿವೆರೋಸ್ (1942–2012) ತಮ್ಮ ನಟಜೀವನದಲ್ಲಿ ನೂರಕ್ಕೂ ಹೆಚ್ಚು ಸಲ ಮನೆಗೆಲಸದವಳ ವೇಷ ಹಾಕಿದವರಂತೆ. ಆ ನಾಡಿನ ಚಿತ್ರೋದ್ಯಮ ಅವರ ಮುಖದಲ್ಲಿ ಕಂಡದ್ದು ಅಷ್ಟನ್ನೇ. ಇಲ್ಲಿ ಒಂದು ಪೂರ್ಣ ಹೆಣ್ಣು ಅವರ ಕೈಗೆ ಸಿಕ್ಕಿತು. 2002ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರು ವಿಶೇಷ ಬಹುಮಾನವನ್ನು ಅನಾಳ ಪಾತ್ರದ ಅಮೆರಿಕ ಫೆರೇರಾಗೂ ಈಕೆಗೂ ಜೊತೆಯಾಗಿಯೇ ಕೊಟ್ಟರು. ಪ್ರೇಕ್ಷಕರ ಬಹುಮಾನವೂ ಚಿತ್ರಕ್ಕೇ ಬಂತು. ತಾಯಿ ಮಗಳಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ತೀರ್ಪು ನಮ್ಮ ಹಾಸ್ಟೆಲಿನ ತೀರ್ಪಿಗಿಂತ ಮೇಲೆಂದು ನಾನು ಬಲ್ಲೆ. ನಿರ್ದೇಶಕಿ ಪಟ್ರೀಷಿಯ ಕಾರ್ಡೋಸೊ.

ಚಿತ್ರದ ಬಗ್ಗೆ ನನ್ನದೊಂದು ಆಕ್ಷೇಪಣೆಯೂ ಉಂಟು. ಮೂಲದಲ್ಲಿ ಇದು ಹೊಸೆಫಿನ ಲೋಪೆಸ್ ಬರೆದ ನಾಟಕ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಂಗವೇರಿತು. ಆಕೆ ಸ್ವತಃ ಚಿಕ್ಕಂದಿನಲ್ಲಿ ಮೆಕ್ಸಿಕೋದಿಂದ ಬಂದು, ಅಕ್ಕನ ಹೊಲಿಗೆಯ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನಾಟಕದ ಹೆಂಗಸರು ವಲಸೆಯ ಅಧಿಕಾರಿಗಳು ಎಂದು ಬಾಗಿಲು ತಟ್ಟುವರೋ ಎಂಬ ಅಂಜಿಕೆಯಲ್ಲೇ ಹೊಲಿಯುತ್ತಾರೆ. ಚಿತ್ರದಲ್ಲಿ ಆ ಅಂಜಿಕೆ ಇಲ್ಲವೆನ್ನುವಷ್ಟು ಮಸುಕಾಗಿದೆ. ಅದು ಉಳಿದಿದ್ದರೆ, ಮಕ್ಕಳೆಲ್ಲ ಕಣ್ಣೆದುರಿಗೇ ಇರಲಿ ಎನ್ನುವ ತಾಯಿಯ ಹಟ ನೋಡುವವರಿಗೆ ಇಷ್ಟು ಕುರುಡಾಗಿ ಕಾಣುತ್ತಿರಲಿಲ್ಲ.

ಅನಾ ಹೊರಟದ್ದು ಸರಿಯೇ. ನಾನೂ ಹೊರಟು ಬಂದವಳೇ. ನಾನು ಈ ಕಾಲೇಜಿಗೆ ಸೇರಿದ ಮೇಲೆ ಮನೆಯಲ್ಲಿ ನೀರು ಸೇದುವ ಕೆಲಸ ನನ್ನ ತಂಗಿಯದಾಗಿದೆ. ರಜೆಗೆ ಹೋದಾಗ ಅವಳು ನನ್ನೊಡನೆ ಮೊದಲಿನಂತೆ ಮಾತನಾಡುವುದಿಲ್ಲ. ಹಾಗಾಗಿಯೇ ಏನೋ, ನನ್ನ ಕಣ್ಣು ಹೋದದ್ದು ಚಿತ್ರದ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಅನಾಳ ಕಡೆಗಲ್ಲ. ಅದಕ್ಕೂ ಮುಂಚೆ ಒಂದು ದೃಶ್ಯವಿದೆ. ಹೊರಡುವ ಗಳಿಗೆಯಲ್ಲಿ ಕಾರ್ಮೆನ್ ಕೋಣೆಯೊಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದಾಳೆ. ಅನಾ ಹೊರಗೆ ನಿಂತು ಆಶೀರ್ವಾದ ಬೇಡುತ್ತಾಳೆ. ಬಾಗಿಲು ತೆರೆಯುವುದಿಲ್ಲ. ತಂದೆಯೂ ಅಜ್ಜನೂ ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬರುತ್ತಾರೆ.

ಅನಾ ಬಿಟ್ಟುಹೋದ ಇಸ್ತ್ರಿಪೆಟ್ಟಿಗೆಯನ್ನು ಮರುದಿನ ಬೆಳಗ್ಗೆ ಯಾರು ಹಿಡಿದರು ಎಂದು ಮೊನ್ನೆ ಗೆಳತಿಯರನ್ನು ಕೇಳಿದೆ. ಯಾರೂ ಅದನ್ನು ಯೋಚಿಸಿರಲಿಲ್ಲ. “ಅಮ್ಮನೇ ಹಿಡಿದಿರಬೇಕು” ಎಂದಳು, ಅಂದು ಎಲ್ಲರಿಗಿಂತ ಜೋರಾಗಿ ಬೈದಿದ್ದವಳು.