ಎರಡನೇ ವರ್ಷದ ಲೆಕ್ಕ

ಯಾದಗಿರಿ ಜಿಲ್ಲೆಯೂ ವಾಜಪೇಯಿ ಆರೋಗ್ಯಶ್ರೀ ಯೋಜನೆಯೂ ಒಂದೇ ವರ್ಷದ ಕೂಸುಗಳು. 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ನಾವು ಜಿಲ್ಲೆಯಾದೆವು. ಅದೇ ವರ್ಷ, ಆಗಿನ್ನೂ ಗುಲಬರ್ಗಾ ವಿಭಾಗ ಎಂದೇ ಕರೆಯುತ್ತಿದ್ದ ನಮ್ಮ ಸೀಮೆಯಲ್ಲಿ, ಬಿಪಿಎಲ್ ಕಾರ್ಡಿದ್ದವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಸಿಗತೊಡಗಿತು. ಸರ್ಕಾರದ ಯೋಜನೆಗಳು ಬೆಂಗಳೂರು, ಮೈಸೂರು ಸುತ್ತಿ ದಣಿದು ಕೊನೆಗೆ ಇತ್ತ ಬರುವುದು ವಾಡಿಕೆ. ಇದೊಂದು ಮಾತ್ರ ಇಲ್ಲಿಂದ ಶುರುವಾಗಿ ಅತ್ತ ಹೋಯಿತು. ಹದಿನೈದು ವರ್ಷ ಕಳೆದಿರುವ ಈ ಹೊತ್ತಿನಲ್ಲಿ ಹಿಂತಿರುಗಿ ನೋಡಲು ನಾನು ಆಯ್ದುಕೊಂಡಿರುವುದು ಒಂದೇ ಬಗೆಯ ರೋಗಿಯನ್ನು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಹೃದಯದ ಬಲವೂ ಇಳಿದುಹೋಗಿದೆ, ಬೈಪಾಸ್ ಮಾಡಿಸಿದರೆ ಉಳಿಯುತ್ತಾನೋ ಟೇಬಲ್ ಮೇಲೇ ಹೋಗುತ್ತಾನೋ ಎಂದು ಮನೆಮಂದಿ ದವಾಖಾನೆಯ ವರಾಂಡದಲ್ಲಿ ಕೂತಿದ್ದಾರೆ.

ನಮ್ಮ ಜಿಲ್ಲೆಯ ಕಕ್ಕೇರಾ, ಸುರಪುರ ಕಡೆ ಈ ಕಾಯಿಲೆಗೆ ಇರುವ ಮಾತು ‘ಪಂಪಿಂಗ್ ಕಡಿಮಿ ಆಗ್ಯಾದ’. ಎಕೋ ಮಾಡಿಸಿದವರೆಲ್ಲ ತಮ್ಮ ಅಂಕಿಯನ್ನು ಬಾಯಿಪಾಠ ಹೇಳುತ್ತಾರೆ: ‘ನಂದು ಮೂವತ್ತು ಅದ.’ ಕೇಳಿದವರು ಅದನ್ನು ನೂರಕ್ಕೆ ಮೂವತ್ತು ಎಂದು ಹಿಡಿದು ದಿಗಿಲಾಗುತ್ತಾರೆ. ನಿಜದಲ್ಲಿ ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಹೊರಹಾಕುವುದಿಲ್ಲ. ನೂರರಲ್ಲಿ 55ರಿಂದ 70 ಪಾಲನ್ನಷ್ಟೇ ತಳ್ಳುತ್ತದೆ. ಹಾಗಾಗಿ ಮೂವತ್ತೆಂದರೆ ಅರ್ಧಕ್ಕರ್ಧ ಬಲ ಹೋಗಿದೆ, ಇನ್ನರ್ಧ ಉಳಿದಿದೆ. 35ಕ್ಕಿಂತ ಇಳಿದರೆ ವೈದ್ಯರು ತೀರಾ ಸೊರಗಿದ ಹೃದಯ ಎನ್ನುತ್ತಾರೆ. ನಾಲ್ಕು ಹೆಜ್ಜೆಗೆ ದಮ್ಮು, ಸಂಜೆಗೆ ಕಾಲು ಬಾವು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು ಅದರ ಗುರುತುಗಳು.

ಇಂಥ ಹೃದಯ ಬಹುಪಾಲು ತಯಾರಾಗುವುದು ಮೊದಲ ಹೃದಯಾಘಾತದ ದಿನವೇ. ಎದೆ ಹಿಡಿದಾಗ ‘ಗ್ಯಾಸ್ ಆಗ್ಯಾದ’ ಎಂದು ಸೋಡಾ ಕುಡಿದು ಮಲಗಿದವರು, ಕಕ್ಕೇರಾ ಸುತ್ತಿನ ದೊಡ್ಡಿಗಳಿಂದ, ಅಂದರೆ ಹೊಲದ ನಡುವಿನ ಸಣ್ಣ ವಸತಿಗಳಿಂದ, ಡಾಂಬರು ರಸ್ತೆಗೆ ಬರುವುದಕ್ಕೇ ಗಾಡಿ ಹುಡುಕಿದವರು, ಸುರಪುರದಲ್ಲಿ ಒಂದು ಸೂಜಿ ಹಾಕಿಸಿಕೊಂಡು ನೋವು ಇಳಿಯಿತೆಂದು ಮನೆಗೆ ಮರಳಿದವರು. ರಕ್ತ ಸಿಗದೆ ಕೆಲವು ಗಂಟೆ ಕಳೆದರೆ ಆ ಭಾಗದ ಸ್ನಾಯು ಸತ್ತು ಕಲೆಗಟ್ಟುತ್ತದೆ. ಆಮೇಲೆ ಯಾವ ಬೈಪಾಸೂ ಅದನ್ನು ಎಬ್ಬಿಸಲಾರದು.

ಆದರೆ ಸೊರಗಿದ ಸ್ನಾಯುವೆಲ್ಲ ಸತ್ತ ಸ್ನಾಯುವಲ್ಲ. ಸಿಕ್ಕಷ್ಟು ರಕ್ತದಲ್ಲಿ ಜೀವ ಹಿಡಿದುಕೊಂಡು, ಕೆಲಸ ನಿಲ್ಲಿಸಿ ಮಲಗಿರುವ ಭಾಗವೂ ಇರುತ್ತದೆ. ಇದನ್ನು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಎತ್ತಿ ಹೇಳಿದವರಲ್ಲಿ ಮುಖ್ಯರು ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಹಬುದ್ದೀನ್ ರಹಿಂತುಲಾ. ನಾಲೆಗೆ ನೀರು ಬಿಟ್ಟರೆ ಬಾಡಿದ ಭತ್ತ ಮತ್ತೆ ತಲೆ ಎತ್ತುವುದನ್ನು ನಾರಾಯಣಪುರ ಎಡದಂಡೆಯ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಸೊರಗಿದ ಹೃದಯಕ್ಕೆ ಬೈಪಾಸ್ ಮಾಡುವವರ ನಂಬಿಕೆಯೆಲ್ಲ ನಿಂತದ್ದು ಇದರ ಮೇಲೆ.

ಬಹಳ ಕಾಲ ಅದು ಬರೀ ನಂಬಿಕೆಯಾಗಿತ್ತು. ಬೈಪಾಸ್ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಕೊಟ್ಟ ರೆನೆ ಫವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದರು. ಅದಕ್ಕೂ ಮುಂಚೆ ಅವರು ಅರ್ಜೆಂಟೀನಾದ ಒಣಬಯಲಿನ ಒಂದು ಸಣ್ಣ ಊರಿನಲ್ಲಿ ಹನ್ನೆರಡು ವರ್ಷ ಹಳ್ಳಿ ಡಾಕ್ಟರಾಗಿದ್ದರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎರಡು ವರ್ಷ ನಿಲ್ಲಲು ಒದ್ದಾಡುವ ಎಳೆಯ ವೈದ್ಯರಿಗೆ ಯಾರಾದರೂ ಇದನ್ನು ಹೇಳಬೇಕು. ಭಾರತದಲ್ಲಿ ಮೊದಲ ಬೈಪಾಸ್ ಆದದ್ದು 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಮಾಡಿದವರು ಕೆ.ಎಂ. ಚೆರಿಯನ್. ಅದೇ ದಶಕದಲ್ಲಿ ಅಮೆರಿಕದಲ್ಲಿ ಬೈಪಾಸಿನ ಬೆಲೆ ಅಳೆಯಲು ನಡೆದ ಕಾಸ್ ಎಂಬ ದೊಡ್ಡ ಪರೀಕ್ಷೆ ಪಂಪಿಂಗ್ 35ಕ್ಕಿಂತ ಕಡಿಮೆ ಇದ್ದವರನ್ನು ಹೊರಗೇ ಇಟ್ಟಿತು. ಯಾರಿಗೆ ಆಪರೇಷನ್ ತೀರಾ ಬೇಕಿತ್ತೋ, ಯಾರಿಗೆ ಅದು ತೀರಾ ಅಪಾಯವೂ ಆಗಿತ್ತೋ, ಅವರ ಬಗ್ಗೆಯೇ ಪುರಾವೆ ಇರಲಿಲ್ಲ. ಸರ್ಜನ್ ಧೈರ್ಯವಂತನಾದರೆ ಆಪರೇಷನ್, ಇಲ್ಲವಾದರೆ ಗುಳಿಗಿ.

ಆ ಕಾಲದಲ್ಲಿ ನಮ್ಮ ಕಡೆಯವರಿಗೆ ಸರ್ಜನ್ನನ ಧೈರ್ಯ ನೋಡುವ ಭಾಗ್ಯವೂ ಇರಲಿಲ್ಲ. ಸೊಲ್ಲಾಪುರ, ಮಿರಜ, ಹೈದರಾಬಾದ್, ಬೆಂಗಳೂರು ಎಂದು ಹೊರಡಬೇಕು. ಹೊರಡುವ ಮುಂಚೆ ಹೊಲ ಒತ್ತೆ ಇಡಬೇಕು, ಇಲ್ಲವೇ ಮನೆಯಾಕೆಯ ಬಂಗಾರ ಮಾರಬೇಕು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಯಶಸ್ವಿನಿ ಜಾರಿಗೆ ಬಂತು. ಒಳ್ಳೆಯ ಯೋಜನೆ. ಆದರೆ ಹೊಲವೇ ಇಲ್ಲದ, ಸಂಘದ ಮೆಟ್ಟಿಲೇ ಹತ್ತದ ಕೂಲಿಯವನಿಗೆ ಅದು ಎಟುಕಲಿಲ್ಲ. 2010ರ ಆರೋಗ್ಯಶ್ರೀ ತಲುಪಿದ್ದು ಇವನನ್ನು. ಆಸ್ಪತ್ರೆಗಳೇ ಹಳ್ಳಿ ಕಡೆ ಬಂದು ತಪಾಸಣಾ ಶಿಬಿರ ಹಾಕಿದವು. ಆರೋಗ್ಯಮಿತ್ರರು ಕಾಗದಪತ್ರ ನೋಡಿಕೊಂಡರು. ಯೋಜನೆ ಜಾರಿಯಾದ ಮತ್ತು ಇನ್ನೂ ಆಗದ ಪ್ರದೇಶಗಳ ನಡುವಿನ ಗಡಿಯಲ್ಲಿ ಅತ್ತಿತ್ತ ಇದ್ದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ 64 ಪ್ರತಿಶತ ಕಡಿಮೆ ಇತ್ತು ಎಂಬುದು ಅದರ ಫಲಿತಾಂಶ. ಒಂದೇ ಯೋಜನೆಯಿಂದ ಇಷ್ಟೊಂದು ಅಂತರ ಬರುವುದೇ ಎಂದು ಅನುಮಾನ ಪಡಲು ಜಾಗ ಇದೆ. ಅಂತರ ಇದರ ಅರ್ಧವೇ ಇದ್ದಿದ್ದರೂ ನಾನು ಆ ಯೋಜನೆಗೆ ಕೈಮುಗಿಯುತ್ತಿದ್ದೆ.

ಹೀಗೆ ಇಲ್ಲಿ ದುಡ್ಡಿನ ಬಾಗಿಲು ತೆರೆಯುತ್ತಿದ್ದಾಗಲೇ ಅತ್ತ ವೈದ್ಯಕೀಯದ ಪ್ರಶ್ನೆಗೂ ಉತ್ತರ ಬರುತ್ತಿತ್ತು. ಸ್ಟಿಚ್ ಎಂಬ ಪರೀಕ್ಷೆ 22 ದೇಶಗಳಲ್ಲಿ, ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1212 ರೋಗಿಗಳ ಮೇಲೆ ನಡೆಯಿತು. ಅರ್ಧ ಜನಕ್ಕೆ ಔಷಧಿಯ ಜೊತೆ ಬೈಪಾಸ್, ಇನ್ನರ್ಧಕ್ಕೆ ಬರೀ ಔಷಧಿ. 2011ರಲ್ಲಿ ಮೊದಲ ಫಲಿತಾಂಶ ಹೊರಬಿದ್ದಾಗ ಸರ್ಜನ್ನರ ಮುಖ ಸಪ್ಪೆಯಾಯಿತು. ಐದು ವರ್ಷಕ್ಕೆ ತುಸು ಕಡಿಮೆ ಕಾಲ ನೋಡಿದ ಮೇಲೆ ಬೈಪಾಸ್ ಗುಂಪಿನಲ್ಲಿ ನೂರಕ್ಕೆ 36 ಜನ, ಔಷಧಿ ಗುಂಪಿನಲ್ಲಿ 41 ಜನ ತೀರಿಕೊಂಡಿದ್ದರು. ಈ ಅಂತರ ಆಕಸ್ಮಿಕವೂ ಇರಬಹುದೆಂದು ಸಂಖ್ಯಾಶಾಸ್ತ್ರ ಹೇಳಿತು. ಪುಣ್ಯಕ್ಕೆ ಸಂಶೋಧಕರು ಅಲ್ಲಿಗೇ ಕಡತ ಮುಚ್ಚಲಿಲ್ಲ. ಅದೇ ರೋಗಿಗಳನ್ನು ಹತ್ತು ವರ್ಷದವರೆಗೆ ಹಿಂಬಾಲಿಸಿದರು. 2016ರಲ್ಲಿ ಬಂದ ಲೆಕ್ಕ: ಬೈಪಾಸ್ ಆದವರಲ್ಲಿ ನೂರಕ್ಕೆ 59, ಆಗದವರಲ್ಲಿ 66 ಸಾವು. ಬೈಪಾಸ್ ಆದವರು ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಈ ಸಲದ ಅಂತರ ಆಕಸ್ಮಿಕವಾಗಿರಲಿಲ್ಲ.

ಈ ಅಂಕಿಗಳೊಳಗೆ ಇನ್ನೊಂದು ಸಂಗತಿ ಇದೆ. ನಮ್ಮ ಊರಿಗೆ ನಿಜವಾಗಿ ಬೇಕಾದದ್ದು ಅದೇ. ಮೊದಲ 30 ದಿನದಲ್ಲಿ ಬೈಪಾಸ್ ಗುಂಪಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ ನಾಲ್ವರು ಹೋದರು, ಔಷಧಿ ಗುಂಪಿನಲ್ಲಿ ಒಬ್ಬರು. ಎರಡು ವರ್ಷದವರೆಗೂ ತಕ್ಕಡಿ ಬೈಪಾಸಿನ ಕಡೆ ವಾಲಲಿಲ್ಲ. ಅಪಾಯವನ್ನೆಲ್ಲ ಮುಂಗಡ ಕೊಟ್ಟು, ಲಾಭಕ್ಕೆ ಎರಡು ವರ್ಷ ಕಾಯಬೇಕು. ಕಾದವರಿಗಷ್ಟೇ ಲಾಭ, ಕಾಯುವುದೆಂದರೆ ದಿನವೂ ಗುಳಿಗಿ ನುಂಗುತ್ತ, ಆಗಾಗ ಎಕೋ ಮಾಡಿಸುತ್ತ, ಉಪ್ಪು ಕಡಿಮೆ ಮಾಡಿಕೊಂಡು ಕಾಯುವುದು. ಸ್ಟಿಚ್‌ನಲ್ಲಿ ಬೈಪಾಸ್ ಆದವರೂ ಔಷಧಿ ಬಿಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಹದಿನೈದು ವರ್ಷದ ಲೆಕ್ಕ ತಪ್ಪಿರುವುದು ಇಲ್ಲಿ. ಆಪರೇಷನ್ನನ್ನು ಹತ್ತಿರ ತಂದೆವು, ಎರಡನೇ ವರ್ಷವನ್ನು ತರಲಿಲ್ಲ.

ಹತ್ತಿರ ತಂದದ್ದು ಸಣ್ಣ ಮಾತಲ್ಲ. 2016ರಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಯಲ್ಲಿ ಜಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಶಾಖೆ ತೆರೆಯಿತು. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ಹಾಸಿಗೆಯ ಸಂಖ್ಯೆಯಲ್ಲೇ ನಮ್ಮ ಸೀಮೆಗೆ ವಿಶೇಷ ಸ್ಥಾನಮಾನ ಕೊಟ್ಟ 371 (ಜೆ) ನೆನಪು ಇಟ್ಟಿದ್ದಾರೆ. ಸಂವಿಧಾನದ ಕಲಮೊಂದು ಹಾಸಿಗೆಗಳಾಗಿ ಎಣಿಸಲು ಸಿಕ್ಕಿದ್ದು ನಮ್ಮಲ್ಲೇ ಇರಬೇಕು. ಕಕ್ಕೇರಾದಿಂದ ಕಲಬುರಗಿ ನೂರು ಕಿಲೋಮೀಟರಿಗೂ ಹೆಚ್ಚು. ಆದರೂ ಬೆಳಿಗ್ಗೆ ಬಸ್ ಹತ್ತಿ ಸುರಪುರ, ಶಹಾಪುರ, ಜೇವರ್ಗಿ ದಾಟಿ ಮಧ್ಯಾಹ್ನಕ್ಕೆ ಮುಟ್ಟುವ ಊರು, ಕನ್ನಡ ಮಾತಾಡುವ ದವಾಖಾನೆ. ಹೈದರಾಬಾದಿನ ಲಾಡ್ಜ್ ಬಾಡಿಗೆ ಕಟ್ಟಿದವರಿಗೆ ಇದರ ಬೆಲೆ ಗೊತ್ತು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲಿನ ಕಥೆಯೇ ಬೇರೆ. ಈಗ ಆರೋಗ್ಯಶ್ರೀಯ ಜಾಗದಲ್ಲಿರುವ ಆಯುಷ್ಮಾನ್ ಯೋಜನೆಯ ನಿಯಮದ ಪ್ರಕಾರ ಆಸ್ಪತ್ರೆ ಬಿಟ್ಟ ಮೇಲೆ 15 ದಿನದ ಔಷಧಿ ಪ್ಯಾಕೇಜಿನ ಲೆಕ್ಕಕ್ಕೆ ಸೇರುತ್ತದೆ. ಲಾಭ ಎರಡನೇ ವರ್ಷಕ್ಕೆ, ಔಷಧಿ ಹದಿನೈದನೇ ದಿನಕ್ಕೆ! ಸೀಳಿದ ಎದೆಗೂಡಿನ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿತನಕ ಭಾರ ಎತ್ತುವಂತಿಲ್ಲ. ಹತ್ತಿಯ ಅಂಡಿಗೆ, ಭತ್ತದ ಚೀಲ, ಸಿಮೆಂಟಿನ ಬುಟ್ಟಿ ಎತ್ತುವುದೇ ದುಡಿಮೆಯಾದವನಿಗೆ ಆ ಮೂರು ತಿಂಗಳ ಕೂಲಿ ಕೊಡುವವರು ಯಾರು? ಐದನೇ ತಿಂಗಳಿಗೆ ಆತ ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾನೆ. ಗುಳಿಗಿ ಚೀಟಿ ಊರಲ್ಲೇ ಟ್ರಂಕಿನಲ್ಲಿ ಉಳಿಯುತ್ತದೆ. ‘ಆಪರೇಷನ್ ಆಗ್ಯಾದ, ಇನ್ನ್ಯಾಕ ಗುಳಿಗಿ’ ಎನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆನ್ನುವವರನ್ನು ಬೈಯಲಾರೆ. ಬೈಪಾಸ್ ಎಂದರೆ ರಸ್ತೆ ರಿಪೇರಿ, ಸೊರಗಿದ ಸ್ನಾಯುವಿನ ಆರೈಕೆ ಬೇರೆಯೇ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಿಸ್ಚಾರ್ಜ್ ದಿನ ಯಾರಿಗೂ ಇರುವುದಿಲ್ಲ.

ವಿಚಿತ್ರವೆಂದರೆ ಈ ಹದಿನೈದು ವರ್ಷದಲ್ಲಿ ಹೆಚ್ಚು ಸುಧಾರಿಸಿದ್ದು ಕತ್ತರಿಯಲ್ಲ, ಗುಳಿಗಿಯೇ. ಸ್ಟಿಚ್ ನಡೆದಾಗ ಇಲ್ಲದಿದ್ದ ಎರಡು ಔಷಧಿಗಳು ಈಗಿವೆ. ಸಕುಬಿಟ್ರಿಲ್-ವಲ್ಸಾರ್ಟಾನ್ 2014ರಲ್ಲಿ ತನ್ನ ಗುಣ ತೋರಿಸಿತು. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಸಕ್ಕರೆ ಇಲ್ಲದವರ ಸೊರಗಿದ ಹೃದಯಕ್ಕೂ ಆಸರೆಯೆಂದು 2019ರಲ್ಲಿ ಗೊತ್ತಾಯಿತು. ಎರಡಕ್ಕೂ ಭಾರತದಲ್ಲಿ ಪೇಟೆಂಟ್ ಮುಗಿದಿದೆ, ಡಪಾಗ್ಲಿಫ್ಲೋಜಿನ್‌ಗೆ 2020ರಲ್ಲಿ, ಇನ್ನೊಂದಕ್ಕೆ 2023ರಲ್ಲಿ, ಬೆಲೆ ಇಳಿದಿದೆ. ಲಕ್ಷದ ಆಪರೇಷನ್ ಕೊಡುವ ಸರ್ಕಾರಕ್ಕೆ ಈ ಗುಳಿಗಿ ಕೊಡುವುದು ಭಾರವಾಗಬಾರದು.

ಇನ್ನೊಂದು ಎಚ್ಚರಿಕೆ, ಚಿಕ್ಕದಾಗಿ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದ ಮೇಲೆ ಸ್ಟೆಂಟ್ ಸುಲಭವಾಗಿದೆ. ಎದೆ ಸೀಳಿಸಿಕೊಳ್ಳಲು ಹೆದರುವವರು ‘ಸ್ಪ್ರಿಂಗ್ ಹಾಕಿಬಿಡ್ರಿ’ ಎನ್ನುತ್ತಾರೆ. ಹೃದಯಾಘಾತದ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅದು ಬೇರೆ. ಆದರೆ ಮೊದಲೇ ಸೊರಗಿ ನಿಂತ ಹೃದಯಕ್ಕೆ ಸ್ಟೆಂಟ್ ಹಾಕಿ ನೋಡಿದ ಬ್ರಿಟನ್ನಿನ ಪರೀಕ್ಷೆಯ 700 ರೋಗಿಗಳ ಫಲಿತಾಂಶ 2022ರಲ್ಲಿ ಬಂತು: ಒಳ್ಳೆಯ ಔಷಧಿಗಿಂತ ಹೆಚ್ಚಿನ ಲಾಭ ಸ್ಟೆಂಟಿನಿಂದ ಸಿಗಲಿಲ್ಲ. ಇಂಥವರಿಗೆ ಸ್ಟೆಂಟ್ ಅಗ್ಗದ ಬೈಪಾಸ್ ಅಲ್ಲ. ಹಾಗೆಂದು ಎಲ್ಲರಿಗೂ ಬೈಪಾಸ್ ಎಂದೂ ಅಲ್ಲ. ಸ್ಟಿಚ್‌ನ ರೋಗಿಗಳಲ್ಲಿ ವಯಸ್ಸು ಕಡಿಮೆ ಇದ್ದವರಿಗೆ ಲಾಭ ಹೆಚ್ಚಾಗಿತ್ತು; ಎಂಬತ್ತರ ಅಜ್ಜನಿಗೂ ಐವತ್ತರ ಮಗನಿಗೂ ಒಂದೇ ಉತ್ತರ ಇಲ್ಲ. ನಮ್ಮಲ್ಲಿ ಹೃದಯ ಕೆಡುವುದು ಚಿಕ್ಕ ವಯಸ್ಸಿಗೇ ಆದ್ದರಿಂದ ಈ ಮಾತಿಗೆ ಇಲ್ಲಿ ತೂಕ ಜಾಸ್ತಿ.

ಸೊರಗಿದ ಹೃದಯಗಳೇ ಕಡಿಮೆಯಾಗುವಂತೆ ಮಾಡುವ ಕೆಲಸವೂ ತಡವಾಗಿಯಾದರೂ ಆರಂಭವಾಗಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತದೆ. ಸಮಯಕ್ಕೆ ಬಿದ್ದ ಒಂದು ಚುಚ್ಚುಮದ್ದು ಹತ್ತು ವರ್ಷದ ನಂತರದ ಒಂದು ಬೈಪಾಸನ್ನು ತಪ್ಪಿಸೀತು. ಆದರೆ ಚುಚ್ಚುಮದ್ದು ತಾಲ್ಲೂಕಿನಲ್ಲಿದೆ, ಎದೆನೋವು ದೊಡ್ಡಿಯಲ್ಲಿದೆ. ಅದರಲ್ಲೂ ಹೆಂಗಸರ ಎದೆನೋವು ಅಡುಗೆಮನೆ ದಾಟುವುದಕ್ಕೇ ತಡವಾಗುತ್ತದೆ. ‘ಸುಸ್ತು’, ‘ಬೆನ್ನು ನೋವು’ ಎಂದೇ ಅದು ದಿನ ದೂಡುತ್ತದೆ. ಸ್ಟಿಚ್‌ನ 1212 ಜನರಲ್ಲೂ ಹೆಂಗಸರು ನೂರಕ್ಕೆ ಹನ್ನೆರಡರಷ್ಟೇ ಇದ್ದರು.

ಮುಂದಿನ ಐದು ವರ್ಷಕ್ಕೆ ಬೇಕಾದದ್ದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನೆರೆಯ ತೆಲುಗು ಸೀಮೆಯಲ್ಲಿ 2007ರಲ್ಲಿ ಶುರುವಾದ ಆರೋಗ್ಯಶ್ರೀ, ದೀರ್ಘಕಾಲ ಔಷಧಿ ಬೇಡುವ ಚಿಕಿತ್ಸೆಗಳಿಗೆ ಆಪರೇಷನ್ ನಂತರದ ಒಂದು ವರ್ಷದ ತಪಾಸಣೆ, ಔಷಧಿಗೂ ಪ್ರತ್ಯೇಕ ಪ್ಯಾಕೇಜು ಇಟ್ಟಿತು. ಅದನ್ನೇ ಎರಡು ವರ್ಷಕ್ಕೆ ಹಿಗ್ಗಿಸಿ ಸೊರಗಿದ ಹೃದಯದವರಿಗೆ ನಾವು ಕೊಡಬಹುದು. ಕಲಬುರಗಿಯಲ್ಲಿ ಬೈಪಾಸ್ ಆದವರ ಪಟ್ಟಿ ಆಯಾ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಸುರಪುರದಲ್ಲಿ ತಿಂಗಳಿಗೊಮ್ಮೆ ಎಕೋ ಆಗಬೇಕು. ಗುಳಿಗಿ ಕಕ್ಕೇರಾದ ಸರ್ಕಾರಿ ದವಾಖಾನೆಯಲ್ಲೇ ಸಿಗಬೇಕು, ಗುಳೆ ಹೊರಟವನಿಗೆ ಮೂರು ತಿಂಗಳದ್ದು ಒಟ್ಟಿಗೆ. ಮನೆ ಮನೆಯ ಹೆರಿಗೆ, ಚುಚ್ಚುಮದ್ದು ಬರೆದಿಡುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇವರಿಗೂ ಒಂದು ಪುಟ ಇರಲಿ, ಅದಕ್ಕೆ ತಕ್ಕ ಗೌರವಧನವೂ ಇರಲಿ. ಎಷ್ಟು ಬೈಪಾಸ್ ಮಾಡಿದೆವೆಂದು ವರ್ಷ ವರ್ಷ ಪ್ರಕಟಿಸುವ ಸರ್ಕಾರ, ಅವರಲ್ಲಿ ಎಷ್ಟು ಮಂದಿ ಎರಡು ವರ್ಷದ ನಂತರ ಬದುಕಿದ್ದಾರೆ, ಎಷ್ಟು ಮಂದಿ ಇನ್ನೂ ಗುಳಿಗಿ ನುಂಗುತ್ತಿದ್ದಾರೆ ಎಂಬುದನ್ನೂ ತಾಲ್ಲೂಕುವಾರು ಪ್ರಕಟಿಸಲಿ.