ಬಂದರಿನ ಬಾಗಿಲು ಶಿರಾಡಿಯಲ್ಲಿದೆ

ಪ್ರತಿ ಏಪ್ರಿಲ್‌ನಲ್ಲಿ ಪಣಂಬೂರಿನಿಂದ ಒಂದು ಪ್ರಕಟಣೆ ಬರುತ್ತದೆ. ನವಮಂಗಳೂರು ಬಂದರು ಈ ವರ್ಷ ಇಷ್ಟು ಸರಕು ನಿಭಾಯಿಸಿತು ಎಂದು. 2024-25ರಲ್ಲಿ ಆ ಅಂಕಿ ಸುಮಾರು 4.6 ಕೋಟಿ ಟನ್. ಪತ್ರಿಕೆಗಳು ಅದನ್ನು ಹಾಗೇ ಅಚ್ಚು ಹಾಕುತ್ತವೆ, ಓದಿದವರು ಬೀಗುತ್ತಾರೆ. ಆ ಟನ್ನುಗಳನ್ನು ಸ್ವಲ್ಪ ಬಿಡಿಸಿ ನೋಡಿ. ಎಂಆರ್‌ಪಿಎಲ್‌ಗೆ ಬರುವ ಕಚ್ಚಾತೈಲ, ಅಲ್ಲಿಂದ ಹೊರಡುವ ಪೆಟ್ರೋಲಿಯಂ ಉತ್ಪನ್ನ, ಎಲ್‌ಪಿಜಿ, ಕಲ್ಲಿದ್ದಲು: ದೊಡ್ಡ ಪಾಲು ಇವುಗಳದ್ದೇ. ತೈಲ ಹಡಗಿನಿಂದ ಪೈಪಿಗೆ, ಪೈಪಿನಿಂದ ಟ್ಯಾಂಕಿಗೆ ಹೋಗುತ್ತದೆ. ದಾರಿಯಲ್ಲಿ ಅದು ಯಾರ ಹೋಟೆಲಿನಲ್ಲೂ ಚಹಾ ಕುಡಿಯುವುದಿಲ್ಲ.

ಕಂಟೈನರ್ ಲೆಕ್ಕ ಕೇಳಿದರೆ ದನಿ ತಗ್ಗುತ್ತದೆ. ಇಪ್ಪತ್ತಡಿ ಪೆಟ್ಟಿಗೆಯ ಅಳತೆಯಲ್ಲಿ ವರ್ಷಕ್ಕೆ ಎರಡು ಲಕ್ಷದ ಆಸುಪಾಸು. ಮುಂಬಯಿ ಪಕ್ಕದ ನವಶೇವಾ ಅದೇ ಹೊತ್ತಿಗೆ 70 ಲಕ್ಷ ದಾಟಿದೆ, ಚೆನ್ನೈ 15 ಲಕ್ಷಕ್ಕೂ ಮೇಲಿದೆ. ಊರಿಗೆ ಅನ್ನ ಹಾಕುವುದು ಈ ಪೆಟ್ಟಿಗೆಗಳೇ. ಒಂದು ಪೆಟ್ಟಿಗೆಗೆ ಅರವತ್ತು ಕಿಲೋದ 320 ಚೀಲ ಕಾಫಿ ತುಂಬುತ್ತಾರೆ. ಒಳಗೋಡೆಗೆ ಕಾಗದ ಹೊದಿಸಬೇಕು, ಸಮುದ್ರದ ಮೇಲೆ ಕಬ್ಬಿಣ ಬೆವರಿ ಬೀಜ ಬೂಷ್ಟು ಹಿಡಿಯದಂತೆ ತೇವ ಹೀರುವ ಚೀಲ ತೂಗುಹಾಕಬೇಕು, ಬಾಗಿಲಿಗೆ ಸೀಲ್ ಹಾಕಬೇಕು. ಹಮಾಲಿ, ಗೋದಾಮಿನವ, ಕಸ್ಟಮ್ಸ್ ಏಜೆಂಟ್, ಅವನ ಗುಮಾಸ್ತ, ಟ್ರೈಲರ್ ಚಾಲಕ, ಟೈರ್ ಪಂಕ್ಚರ್ ಹಾಕುವವ, ಎಲ್ಲರಿಗೂ ಅದರಲ್ಲೊಂದು ಚಿಲ್ಲರೆ ಪಾಲು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದೂ ಈ ಬಂದರಿನ ನೆತ್ತಿಯ ಮೇಲೇ.

ಈಗ ವಿವಾದಕ್ಕೆ ಬರೋಣ. ಕರಾವಳಿಗೆ ಇನ್ನಷ್ಟು ಬಂದರು ಬೇಕು ಎನ್ನುತ್ತಿದೆ ಸರ್ಕಾರ. ಅಂಕೋಲೆಯ ಕೇಣಿಯಲ್ಲಿ ನಾಲ್ಕು ಸಾವಿರ ಕೋಟಿ ರೂಪಾಯಿ ಮೀರಿದ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಆಳಸಮುದ್ರ ಬಂದರನ್ನು 2023ರಲ್ಲೇ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಲಾಗಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಮತ್ತೊಂದು ಖಾಸಗಿ ಬಂದರಿನ ಜಗಳ ವರ್ಷಗಳಿಂದ ಕುದಿಯುತ್ತಿದೆ. ಎರಡೂ ಕಡೆ ಮೀನುಗಾರರು ಬೀದಿಗೆ ಬಂದಿದ್ದಾರೆ, ಎರಡೂ ಕಡೆ ಪೊಲೀಸರೂ ಬಂದಿದ್ದಾರೆ. ರಾಜ್ಯದ ಸರಕು ಚೆನ್ನೈಗೆ ಸೋರುತ್ತಿದೆ, ತಡೆಯಲು ಹೊಸ ಬಂದರು ಕಟ್ಟಬೇಕು: ಇದು ಸರ್ಕಾರದ ವಾದ.

ಸೋರುತ್ತಿರುವುದು ನಿಜ, ಆದರೆ ತೂತು ಇರುವುದು ಕಡಲಿನಲ್ಲಲ್ಲ. ಇದ್ದ ಬಂದರೇ ತನ್ನ ಸಾಮರ್ಥ್ಯದ ಅರ್ಧವನ್ನೂ ಬಳಸುತ್ತಿಲ್ಲ. 14ನೇ ಬರ್ತನ್ನು 280 ಕೋಟಿ ರೂಪಾಯಿ ವೆಚ್ಚದಲ್ಲಿ ಯಂತ್ರೀಕರಿಸಿ ಕಂಟೈನರಿಗೆಂದೇ ಸಜ್ಜುಗೊಳಿಸಿ, 2022ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಕೈಯಲ್ಲೇ ಉದ್ಘಾಟನೆ ಮಾಡಿಸಿದ್ದಾಯಿತು. ಕ್ರೇನ್ ಇದೆ, ಯಾರ್ಡ್ ಇದೆ. ಪೆಟ್ಟಿಗೆ ಎಲ್ಲಿ?

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್, ಮಂಗಳೂರಿಗೂ ಸುಮಾರು ಅಷ್ಟೇ. ಪೀಣ್ಯದ ಕಾರ್ಖಾನೆಯ ಮಾಲು ಹೋಗಬೇಕಿರುವುದು ಯುರೋಪಿಗಾದರೆ ಚೆನ್ನೈಗೆ ಕಳಿಸುವುದೆಂದರೆ ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದಂತೆ, ಹಡಗು ಲಂಕೆಯನ್ನು ಬಳಸಿ ಬರಬೇಕು. ಆದರೂ ಕಳಿಸುತ್ತಾರೆ. ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ ಇಷ್ಟು ಕಡಿದಾದ ಘಟ್ಟ ಇಲ್ಲ, ವೈಟ್‌ಫೀಲ್ಡ್‌ನಿಂದ ಕಂಟೈನರ್ ರೈಲು ಇದೆ. ನಮ್ಮ ಕಡೆ ಶಿರಾಡಿ ಘಟ್ಟ ಇದೆ.

ಒಂದು ಜುಲೈನಲ್ಲಿ ದೋಣಿಗಲ್ ಹತ್ತಿರ ನಾನಿದ್ದ ಬಸ್ಸು ಮೂರು ಗಂಟೆ ನಿಂತಿತ್ತು. ಮುಂದೆ ಕಂಟೈನರ್ ಹೊತ್ತ ಟ್ರೈಲರ್. ಚಾಲಕ ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯ ಮರೆಯಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದ. ಹಾಸನದ ಕಡೆಯವನು. ‘ಕಟಾಫ್ ಇವತ್ತು ಸಂಜೆಗೆ ಸಾರ್. ಹಡಗು ನಮ್ಮಪ್ಪಂದಲ್ಲ, ಕಾಯಲ್ಲ’ ಎಂದ. ಕಟಾಫ್ ಅಂದರೆ ಪೆಟ್ಟಿಗೆ ಬಂದರಿನ ಗೇಟು ದಾಟಬೇಕಾದ ಕೊನೆಯ ಗಳಿಗೆ. ತಪ್ಪಿದರೆ ಮುಂದಿನ ಹಡಗು, ಯಾರ್ಡಿನ ಬಾಡಿಗೆ, ಆಚೆ ದಡದ ಖರೀದಿದಾರನ ಬೈಗುಳ. ಎರಡು ಸಲ ಹೀಗಾದರೆ ರಫ್ತುದಾರ ಮೂರನೆಯ ಸಲ ಚೆನ್ನೈಗೆ ಫೋನ್ ಮಾಡುತ್ತಾನೆ. ಅವನನ್ನು ದೂರಲಾಗದು. ಪೆಟ್ಟಿಗೆ ಕಡಿಮೆಯಾದರೆ ದೊಡ್ಡ ಹಡಗು ಬರುವುದಿಲ್ಲ, ದೊಡ್ಡ ಹಡಗು ಬಾರದಿದ್ದರೆ ಪೆಟ್ಟಿಗೆ ಇನ್ನೂ ಕಡಿಮೆ.

ಕಾಂಕ್ರೀಟ್ ಹಾಕಲೆಂದು ಶಿರಾಡಿಯನ್ನು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು, 2018ರಲ್ಲಿ ಮತ್ತೆ ಮುಚ್ಚಿದರು. ತೆರೆದ ಬೆನ್ನಿಗೇ ಆ ವರ್ಷದ ಆಗಸ್ಟ್ ಮಳೆಗೆ ಗುಡ್ಡ ಜರಿಯಿತು. ಸುರಂಗದ ಮಾತು ಹತ್ತು ವರ್ಷ ಹಳೆಯದು, ಇನ್ನೂ ಮಾತಾಗಿಯೇ ಇದೆ. ಬಿ.ಸಿ. ರೋಡ್-ಅಡ್ಡಹೊಳೆ ಚತುಷ್ಪಥ ಎಷ್ಟು ಎಳೆಯಿತೆಂದರೆ ಕಲ್ಲಡ್ಕದವರು ಧೂಳು ತಿಂದೇ ಒಂದು ತಲೆಮಾರಿನ ಮಕ್ಕಳನ್ನು ಶಾಲೆ ದಾಟಿಸಿದರು. ರೈಲಿನ ಕಥೆ ಬೇರೆಯಲ್ಲ. ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್‌ನಲ್ಲಿ 57 ಸುರಂಗ. ಐವತ್ತು ಅಡಿಗೆ ಒಂದು ಅಡಿ ಏರು, ಗೂಡ್ಸ್ ಹತ್ತಬೇಕಾದರೆ ಹಿಂದಿನಿಂದ ಇನ್ನಷ್ಟು ಎಂಜಿನ್ ದೂಡಬೇಕು. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣೇ ಜಾರಿ ವಾರಕ್ಕೂ ಹೆಚ್ಚು ಕಾಲ ಸಂಚಾರ ನಿಂತಿತು. ಸಾಲದ್ದಕ್ಕೆ ಮಂಗಳೂರು ಮೂರು ರೈಲ್ವೆಗಳ ಮುಕ್ಕೂಟ: ಪಣಂಬೂರು ಪಾಲಕ್ಕಾಡ್ ವಿಭಾಗಕ್ಕೆ, ಘಟ್ಟ ಮೈಸೂರು ವಿಭಾಗಕ್ಕೆ, ಉತ್ತರದ ಹಳಿ ಕೊಂಕಣಕ್ಕೆ. ಮೂವರು ಯಜಮಾನರ ಎಮ್ಮೆಗೆ ಹುಲ್ಲು ಹಾಕುವವರು ಯಾರು?

ಕೇಣಿಯಾದರೆ ಇದೆಲ್ಲ ತಪ್ಪುತ್ತದೆಯೇ? ಭೂಪಟ ಬಿಡಿಸಿ ನೋಡಿ. ಅದೂ ಘಟ್ಟದ ಬುಡದಲ್ಲೇ ಇದೆ. ಮೇಲಕ್ಕೆ ಅರಬೈಲು ಘಟ್ಟ. ಹುಬ್ಬಳ್ಳಿ-ಅಂಕೋಲಾ ರೈಲು ಕಳೆದ ಶತಮಾನದ ಭರವಸೆ, ಕಾಡಿನ ನಡುವೆ ಸಿಕ್ಕಿಕೊಂಡಿದೆ. ಅದೇ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗ್ಯಾಸ್ ಟ್ಯಾಂಕರ್, ಲಾರಿ, ಚಹಾದಂಗಡಿ, ಜನ, ಎಲ್ಲ ಗಂಗಾವಳಿಗೆ ಬಿದ್ದದ್ದನ್ನು ಇಡೀ ದೇಶ ನೋಡಿತು. ಒಬ್ಬ ಚಾಲಕನ ಲಾರಿ ನದಿಯಿಂದ ಮೇಲೆ ಬರಲು ಎರಡು ತಿಂಗಳ ಮೇಲೆ ಬೇಕಾಯಿತು. ಆ ರಸ್ತೆ ನೆಚ್ಚಿಕೊಂಡು 3 ಕೋಟಿ ಟನ್ ಸಾಗಿಸುವ ಲೆಕ್ಕ ಹಾಕಿದವರಿಗೆ ಕೈಮುಗಿಯಬೇಕು.

ಪಕ್ಕದ ಬೇಲೇಕೇರಿಯನ್ನೂ ಮರೆಯುವಂತಿಲ್ಲ. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರೇ ಹಡಗು ಹತ್ತಿ ಹೋಯಿತು. ಇಂಥ ಕರಾವಳಿಯ ಮೀನುಗಾರನಿಗೆ ‘ಅಭಿವೃದ್ಧಿ ನಂಬು’ ಎಂದರೆ ಆತ ನಗದೆ ಇನ್ನೇನು ಮಾಡುತ್ತಾನೆ? ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಒಮ್ಮೆ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ದೋಣಿ ಎಳೆಯುವ ಮರಳು ಬಿಟ್ಟುಕೊಟ್ಟು ಎದ್ದು ಬಂದವು. ಅದು ದೇಶರಕ್ಷಣೆ, ಮಾತಾಡಲಿಲ್ಲ. ಈ ಸಲ ಏನಕ್ಕೆ ಎಂದು ಕೇಳುತ್ತಿದ್ದಾರೆ. ಟೊಂಕದ ಮರಳಿನಲ್ಲಿ ಹೆಂಗಸರು ಒಣಮೀನು ಹರವುತ್ತಾರೆ, ಅದೇ ಮರಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಆಮೆಗೆ ಸಿಕ್ಕ ಕಾನೂನಿನ ಆಸರೆ ಒಣಮೀನಿಗೆ ಸಿಕ್ಕಿಲ್ಲ ಎನ್ನುವುದು ಬೇರೆ ಮಾತು.

ಕೇರಳದ ವಿಳಿಂಞಂ ಬಂದರು ನೋಡಿ ಕಲಿಯಿರಿ ಎನ್ನುವವರೂ ಇದ್ದಾರೆ. ಅದು ಒಂದು ವರ್ಷ ತುಂಬುವ ಮೊದಲೇ 10 ಲಕ್ಷ ಪೆಟ್ಟಿಗೆ ಮುಟ್ಟಿದ್ದು ನಿಜ. ಆದರೆ ಅಲ್ಲಿನ ಪೆಟ್ಟಿಗೆ ದೊಡ್ಡ ಹಡಗಿನಿಂದ ಚಿಕ್ಕ ಹಡಗಿಗೆ ಬದಲಾಗುತ್ತದೆ, ರಸ್ತೆಯ ಹಂಗಿಲ್ಲ. ದಡದ ಹತ್ತಿರವೇ ಹದಿನೆಂಟಿಪ್ಪತ್ತು ಮೀಟರ್ ಆಳ, ಅಂತರರಾಷ್ಟ್ರೀಯ ಹಡಗುಹಾದಿ ಹತ್ತು ನಾಟಿಕಲ್ ಮೈಲು. ಆ ಅದೃಷ್ಟ ಕೇಣಿಗೂ ಇಲ್ಲ, ಪಣಂಬೂರಿಗೂ ಇಲ್ಲ. ನಮ್ಮ ಬಂದರು ಬದುಕಬೇಕಾದ್ದು ಘಟ್ಟದ ಮೇಲಿನ ಮಾಲಿನಿಂದ.

ಬಂದರೇ ಬೇಡ ಎನ್ನುವ ಪೈಕಿ ನಾನಲ್ಲ. ನಮ್ಮ ಬಂದರು ಕುದುರೆಮುಖದ ಅದಿರನ್ನು ನೆಚ್ಚಿದ್ದಾಗ ಮೊದಲು ಅದನ್ನು ಕೊಳ್ಳಬೇಕಿದ್ದ ಇರಾನ್ ಕೈಕೊಟ್ಟಿತು, 2005ರ ಕೊನೆಗೆ ಗಣಿಯೇ ನಿಂತಿತು. ಬಳ್ಳಾರಿ ಅದಿರನ್ನು ನೆಚ್ಚಿದ್ದಾಗ 2010ರಲ್ಲಿ ರಫ್ತು ನಿಷೇಧ ಬಂತು. ಒಂದೇ ಸರಕಿಗೆ ಕಟ್ಟುಬಿದ್ದು ಎರಡು ಸಲ ಪೆಟ್ಟು ತಿಂದ ಬಂದರಿಗೆ ಕಾಫಿ, ಗೋಡಂಬಿ, ಮೀನು, ಯಂತ್ರಭಾಗಗಳ ಚಿಲ್ಲರೆ ಪೆಟ್ಟಿಗೆಗಳೇ ಆಸರೆ. ಅವು ಇಳಿದು ಬರುವ ದಾರಿಗೆ ಮೊದಲು ದುಡ್ಡು ಹಾಕಿ. ಮತ್ತೆ ಬರುವ ಏಪ್ರಿಲ್‌ನಲ್ಲಿ ಟನ್ನಿನ ಲೆಕ್ಕ ಕೊಡುವಾಗ, ಹಿಂದಿನ ಮಳೆಗಾಲದಲ್ಲಿ ಶಿರಾಡಿ ಎಷ್ಟು ದಿನ ಮುಚ್ಚಿತ್ತು, ಎಷ್ಟು ಪೆಟ್ಟಿಗೆಗೆ ಕಟಾಫ್ ತಪ್ಪಿತು ಎಂಬುದನ್ನೂ ಅದೇ ಹಾಳೆಯಲ್ಲಿ ಅಚ್ಚು ಹಾಕಿಸಿ.